ಏಣಿ ಬೇಡದ ವಿಮಾನ

ವಿಮಾನ ನಿಲ್ದಾಣ ದನ ಮೇಯುವ ಬಯಲಾಗಿದ್ದ ಕಾಲವನ್ನು ಕಂಡವನು ಅಲ್ಲಿ ಏಣಿಯಣ್ಣ ಒಬ್ಬನೇ. ಅಕ್ಕನ ಸೆರಗು ಹಿಡಿದು ಅಲ್ಲೇ ದನ ಕಾದವನು. ಮಿಲಿಟರಿಯವರು ಬಂದು ನೆಲ ಸಮ ಮಾಡಿದರು, ಆಮೇಲೆ ತಗಡಿನ ಶೆಡ್ಡು ಎದ್ದಿತು, ಆಮೇಲೆ ಜನರನ್ನು ಹೊತ್ತ ದೊಡ್ಡ ವಿಮಾನ ಬಂತು. ಗಾಲಿಯ ಏಣಿಯನ್ನು ತಳ್ಳಿಕೊಂಡು ಹೋಗಿ ಅದರ ಬಾಗಿಲಿಗೆ ಕೊಡುವುದು ಅವನ ಕೆಲಸವಾಯಿತು. ಬರಬರುತ್ತ ಜನ ಕಡಿಮೆಯಾದರು, ದೊಡ್ಡ ವಿಮಾನ ನಿಂತುಹೋಯಿತು. ಈಗ ಬರುವುದು ಪುಟ್ಟದು; ಅದರ ಮೆಟ್ಟಿಲು ಅದರ ಬಾಗಿಲಲ್ಲೇ ಇದೆ. ಏಣಿಯಣ್ಣನ ಪಾಲಿಗೆ ಹಕ್ಕಿ ಓಡಿಸುವ ಕೆಲಸ ಉಳಿಯಿತು.

ಹೆಂಡತಿ ಹೋದ ಮೇಲೆ ತನ್ನವರು ಅಂತ ಇದ್ದವಳು ಆ ಅಕ್ಕ ಒಬ್ಬಳೇ, ಅವಳೂ ದೂರದೂರಿನಲ್ಲಿ. ಮಗಳ ಮನೆ ಸೇರಲು ಹೊರಟವಳು ಫೋನು ಮಾಡಿದ್ದಳು; ಅವಳ ವಿಮಾನ ಇಲ್ಲಿ ಅರ್ಧ ಗಂಟೆ ನಿಲ್ಲುತ್ತದಂತೆ.

"ಇಳಿದು ಬಾ ಅಕ್ಕಾ, ಮುಖ ನೋಡ್ತೀನಿ."

"ಮುಂದಕ್ಕೆ ಹೋಗೋರನ್ನ ಇಳಿಸಲ್ವಂತೆ ಕಣೋ. ಬಾಗಿಲ ಪಕ್ಕದ ಕಿಟಕಿ ಸಿಕ್ಕಿದೆ, ಅಲ್ಲೇ ಕೂತಿರ್ತೀನಿ. ಈ ಮಂಡಿ ಇಟ್ಕೊಂಡು ಇನ್ನೊಂದ್ಸಲ ನಾನೆಲ್ಲಿ ಬರ್ಲಿ?"

ವಿಮಾನ ಬಂದು ನಿಂತಿತು. ಕೆಳಗಿನಿಂದ ನೋಡಿದರೆ ಕಿಟಕಿಯಲ್ಲಿ ಬರೀ ಬಿಸಿಲು. ಏಣಿಯಣ್ಣ ಕತ್ತು ನೋಯುವವರೆಗೆ ನೋಡಿದ. ಆಮೇಲೆ ಶೆಡ್ಡಿಗೆ ಹೋಗಿ ಏಣಿಗೆ ಹೆಗಲು ಕೊಟ್ಟ. ತುಕ್ಕು ಹಿಡಿದ ಗಾಲಿಗಳು ಕಿರ್ರೆಂದವು.

"ಏಣಿಯಣ್ಣ! ಅದಕ್ಕೆ ಏಣಿ ಬೇಡ, ತಲೆಗಿಲೆ ಕೆಟ್ಟಿದ್ಯಾ?" ಎಂದು ಮೇಲ್ವಿಚಾರಕ ಓಡಿ ಬಂದ.

"ತಗುಲಿಸಲ್ಲ ಸ್ವಾಮಿ, ದೂರದಲ್ಲೇ ನಿಲ್ಲಿಸ್ತೀನಿ."

ಗಾಲಿ ಉರುಳದಂತೆ ಮರದ ತುಂಡು ಅಡ್ಡ ಕೊಟ್ಟು ಅಭ್ಯಾಸಬಲದಿಂದ ತುದಿಯವರೆಗೂ ಹತ್ತಿದ. ಅಲ್ಲಿಂದ ಕಂಡದ್ದು ವಿಮಾನದ ಬೆನ್ನು! ಅದು ದೊಡ್ಡ ವಿಮಾನದ ಅಳತೆಯ ಏಣಿ. ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದ. ನಡುವೆ ಒಂದು ಕಡೆ ಕಿಟಕಿ ಸಮಕ್ಕೆ ಸಿಕ್ಕಿತು.

ಗಾಜಿಗೆ ಹಣೆ ಒತ್ತಿಕೊಂಡು ಅಕ್ಕ ಕೂತಿದ್ದಳು. ಅವನ ತಲೆಯತ್ತ ಬೆರಳು ತೋರಿ, ಎಲ್ಲ ಬೆಳ್ಳಗಾಗಿದೆಯಲ್ಲೋ ಎಂಬಂತೆ ನಕ್ಕಳು. ಅವನೂ ಅವಳ ತಲೆಯತ್ತ ಬೆರಳು ತೋರಿದ. ಅವಳ ತುಟಿ ಆಡಿತು. ಕೇಳಿಸಲಿಲ್ಲ. ಊಟ ಆಯಿತೇ ಎಂದೇ ಕೇಳಿರಬೇಕೆಂದು, ಆಯಿತು, ಆಯಿತು ಎಂದು ತಲೆ ಆಡಿಸಿದ. ಆಗಿರಲಿಲ್ಲ.

"ಯಾರಣ್ಣಾ ಅದು?" ಕೆಳಗಿನಿಂದ ಮೇಲ್ವಿಚಾರಕ ಕೇಳಿದ.

"ನಮ್ಮಕ್ಕ."

ಅವನು ಮತ್ತೆ ಗದರಲಿಲ್ಲ. ಹೊರಡುವ ಹೊತ್ತಾದಾಗ ಮಾತ್ರ ಏಣಿಯನ್ನು ಮೆಲ್ಲಗೆ ತಟ್ಟಿದ.

ವಿಮಾನ ಬಯಲಿನಾಚೆ ಮರೆಯಾಯಿತು. ಊರಿಗೆ ಬಂದ ಎಷ್ಟೋ ಮಂದಿಯನ್ನು ನೆಲಕ್ಕೆ ತಲುಪಿಸಿದ್ದ ಏಣಿ ಅದು. ಆವತ್ತು ಅದರಿಂದ ಇಳಿದವನು ಅವನೊಬ್ಬನೇ.