ಎಡಗೈ ಕತ್ತರಿ

ಫ್ರೇಮಿನವನು ಟೇಪು ಹಿಡಿದು ಕತ್ತರಿಯ ಉದ್ದ ಅಳೆಯುತ್ತಿದ್ದ. ಅವನ ಪಕ್ಕದಲ್ಲಿ ಅಣ್ಣ, ಅತ್ತಿಗೆ. ಮೇಜಿನ ಆಚೆ ತಂಗಿ, ಸೀಮೆಸುಣ್ಣದ ಗೆರೆ ಎಳೆದಿಟ್ಟ ಕೋಟಿನ ಬಟ್ಟೆಯನ್ನು ಸುಮ್ಮನೆ ಸವರುತ್ತ ನಿಂತಿದ್ದಳು.

ಶಾಲೆ ಬಿಟ್ಟಂದಿನಿಂದ ಅವಳು ಅಪ್ಪನ ಟೈಲರ್ ಅಂಗಡಿಯಲ್ಲೇ ಇದ್ದವಳು. ಅಪ್ಪನದು ಎಡಗೈ, ಅವಳದೂ. ಹುಡುಕಿದರೂ ಸಿಗದ, ಅಲಗುಗಳು ಅದಲುಬದಲಾಗಿರುವ ಎಡಗೈ ಕತ್ತರಿ ಅದು. ಹಿಡಿಯೊಳಗೆ ಅಪ್ಪನ ಹೆಬ್ಬೆರಳು ತೇಯ್ದ ಗುಳಿಯಿತ್ತು. ಅಪ್ಪ ಹೋದ ಮೇಲೆ ಅದರಲ್ಲಿ ಅವಳ ಬೆರಳು ಕೂತಿತ್ತು. ಈಗ ಅಣ್ಣ ರೆಡಿಮೇಡ್ ಅಂಗಡಿ ತೆರೆಯುವವನಿದ್ದ. ಗಲ್ಲಾದ ಹಿಂದೆ ಗಾಜಿನ ಪೆಟ್ಟಿಗೆ, ಅದರಲ್ಲಿ ಕತ್ತರಿ, ಕೆಳಗೆ ಹಿತ್ತಾಳೆ ಅಕ್ಷರದಲ್ಲಿ ‘ಏರ್‌ಲೂಮ್’ ಎಂದು ಬರೆಸಬೇಕಂತೆ.

ಹಾಗಂದರೇನು ಎಂದು ಫ್ರೇಮಿನವನು ಕೇಳಿದ.

"ವಂಶದಿಂದ ಬಂದಿದ್ದು. ಏರ್ ಅಂದ್ರೆ ವಾರಸುದಾರ," ಎಂದ ಅಣ್ಣ. "ಅಪ್ಪನಿಗೆ ಮಗ ಅಂತ ಇರೋನು ನಾನೊಬ್ಬನೇ."

"ಲೂಮ್ ಅಂದ್ರೆ, ಅತ್ತಿಗೆ?" ತಂಗಿ ತಲೆ ಎತ್ತದೆ ಕೇಳಿದಳು.

ಅತ್ತಿಗೆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಗಂಡನ ಮುಖ ನೋಡಿದಳು. ಈಗ ಮಗ್ಗ ಎಂದೇ ಅರ್ಥ, ಆದರೆ ಆ ಮಾತು ಹುಟ್ಟಿದ ಕಾಲಕ್ಕೆ ಯಾವ ಸಲಕರಣೆಯಾದರೂ ಲೂಮೇ ಆಗಿತ್ತು ಎಂದಳು. "ಮನೆ ಜೊತೆ ವಾರಸುದಾರರ ಕೈಗೆ ಬರ್ತಿದ್ದ, ದುಡಿಯೋ ಸಾಮಾನು."

"ಪಾಠ ಶಾಲೇಲಿರಲಿ ಕಣೇ," ಎಂದು ನಕ್ಕ ಅಣ್ಣ ಬಲಗೈಯಲ್ಲಿ ಕತ್ತರಿ ಎತ್ತಿಕೊಂಡು ಒಂದು ಚಿಂದಿ ಕತ್ತರಿಸಹೋದ. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಬಿತ್ತು. "ಮೊಂಡಾಗಿದೆ. ಗಾಜಿನೊಳಗಿಡೋಕೇ ಲಾಯಕ್ಕು."

ಅಣ್ಣನ ಎದುರು ದನಿಯೆತ್ತಿ ತಂಗಿಗೆ ಅಭ್ಯಾಸವಿರಲಿಲ್ಲ. ಈಗಲೂ ಎತ್ತಲಿಲ್ಲ. ಅವನ ಬೆರಳುಗಳಿಂದ ಕತ್ತರಿ ಬಿಡಿಸಿಕೊಂಡಳು.

"ಮೊಂಡಾಗಿಲ್ಲ. ನಿನ್ನ ಕೈ ಅದಕ್ಕೆ ಗೊತ್ತಿಲ್ಲ, ಅಷ್ಟೆ. ಪೆಟ್ಟಿಗೆ ಮಾಡಿಸ್ಕೋ ಅಣ್ಣ, ಬೇರೆ ಏನಾದ್ರೂ ಇಡು. ಇದು ಬರಲ್ಲ."

"ಓಹೋ, ಬಾಯಿ ಬಂತು ನಿಂಗೆ. ನಾಳೆ ಹಿರಿಯರನ್ನ ಕೂರಿಸ್ತೀನಿ."

"ಕೂರಿಸು. ಹಾಗೇ ಅವರ ಕೋಟಿನ ಅಳತೇನೂ ತಗೊಳ್ತೀನಿ."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫ್ರೇಮಿನವನು ಟೇಪು ಸುತ್ತತೊಡಗಿದ.

ಅಣ್ಣ ಮುಂದೆ ಬಾಗಿ ಕೋಟಿನ ಬಟ್ಟೆಯ ಮೇಲೆ ಅಂಗೈ ಊರಿ ನಿಂತ. ತಂಗಿ ಈಚೆ ತುದಿಯಿಂದ ಸುಣ್ಣದ ಗೆರೆಗೆ ಅಲಗು ಹಚ್ಚಿದಳು. ಕರಕರ ಸದ್ದು ಮೇಜಿನ ಉದ್ದಕ್ಕೂ ನಿಧಾನ ಸರಿಯಿತು. ಅವಳು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. ಗೆರೆ ಅಂಗೈಯ ಕೆಳಗೆ ಹಾದುಹೋಗುವಲ್ಲಿಗೆ ಕತ್ತರಿ ಬಂದಾಗ, ಅಣ್ಣ ಕೈ ಎತ್ತಿದ.