ಗಿಡುಗದೊಳಗಿನ ಹುಡುಗಿ

ಕ್ರೇನು ಗುರ್ರೆನ್ನುತ್ತ ‘ಗಿಡುಗ’ವನ್ನು ನೆಲದಿಂದ ಮೇಲೆತ್ತಿದಾಗ ಲಾಲಮ್ಮ ಕೂತಲ್ಲೇ ಮುಂದಕ್ಕೆ ಬಾಗಿದಳು. ಶಹಾಬಾದಿನ ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಅವಳು ಇಮಾಮ್ಬೀಯ ಪಕ್ಕ ಕೂತಿದ್ದಳು. ಇಬ್ಬರೂ ಒಂದೇ ಕಡೆ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುವವರು. ಇವತ್ತು ಕೆಲಸ ಬಿಟ್ಟು ಶೂಟಿಂಗ್ ನೋಡಲು ಬಂದಿದ್ದರು.

ಟೀವಿ ಧಾರಾವಾಹಿಯಲ್ಲಿ ಗಿಡುಗವೆಂದರೆ ಬೇರೆ ಗ್ರಹದ ಆಕಾಶದಲ್ಲಿ ಬೆಂಕಿಯುಗುಳುತ್ತ ಹಾರುವ ಯುದ್ಧವಿಮಾನ. ಇಲ್ಲಿ ಅದು ಕಬ್ಬಿಣದ ಚೌಕಟ್ಟಿಗೆ ಪ್ಲೈವುಡ್ಡು, ಫೈಬರ್ ಬಡಿದು ಬೂದುಬಣ್ಣ ಹೊಡೆದ ಗೂಡು. ಅದು ಗಣಿಯ ಹಸಿರುಗಟ್ಟಿದ ನೀರಿನ ಮೇಲೆ ತೂಗಬೇಕು, ಒಳಗೆ ಹೊಗೆ ತುಂಬಬೇಕು, ಸಿಕ್ಕಿಬಿದ್ದ ಪೈಲಟ್ ಗಾಜು ಬಡಿಯಬೇಕು. ನಾಯಕಿ ಒಲ್ಲೆನೆಂದಿದ್ದಳು. ಅವಳ ಬದಲಿಗೆ ಹೆಲ್ಮೆಟ್ ಹಾಕಿಕೊಂಡು ಕೂತವಳು ಲಾಲಮ್ಮನ ಮಗಳು ಭಾಗ್ಯ, ಸೇಡಂ ಕಾಲೇಜಿನ ಖೋಖೋ ಆಟಗಾರ್ತಿ. ಚೆನ್ನಾಗಿ ಮಾಡಿದರೆ ಮುಂದಿನ ಕಂತುಗಳಲ್ಲಿ ಅವಳಿಗೇ ಒಂದು ಪಾತ್ರ ಕೊಡುವುದಾಗಿ ನಿರ್ದೇಶಕ ಹೇಳಿದ್ದ.

ಚಿಕ್ಕಂದಿನಲ್ಲಿ ಕಣ್ಣುಮುಚ್ಚಾಲೆ ಆಡುತ್ತ ಭಾಗ್ಯ ಜೋಳದ ಡ್ರಮ್ಮಿನೊಳಗೆ ಅವಿತಿದ್ದಳು. ಮುಚ್ಚಳ ಬಿಗಿದು ಉಸಿರೇ ನಿಲ್ಲುವಂತಾಗಿತ್ತು. ಈಗಲೂ ಅವಳು ಬಾಗಿಲು ಮುಚ್ಚಿ ಮಲಗುವುದಿಲ್ಲ. ಇದನ್ನು ಯಾರಿಗೂ ಹೇಳಬೇಡವೆಂದು ತಾಯಿಯಿಂದ ಆಣೆ ಹಾಕಿಸಿಕೊಂಡಿದ್ದಳು.

ಹೊಗೆ ತುಂಬಿತು. ಗಾಜಿನ ಹಿಂದೆ ಎರಡು ಅಂಗೈಗಳು ಕಂಡವು. ಬಡಿದವು. ಮತ್ತೆ ಬಡಿದವು.

“ಎಂಥಾ ಆಕ್ಟಿಂಗ್!” ಎಂದು ನಿರ್ದೇಶಕ ಪಿಸುಗುಟ್ಟಿದ.

“ಇಮಾಮ್ಬೀ, ಅದು ಆಕ್ಟಿಂಗ್ ಅಲ್ಲ. ನನ್ ಮಗಳು ಅಂಜ್ಯಾಳ,” ಎಂದಳು ಲಾಲಮ್ಮ.

“ಸುಮ್ನ ಕುಂದ್ರಕ್ಕಾ, ಎಲ್ಲಾರೂ ನೋಡ್ಲಿಕತ್ತಾರ.”

ಲಾಲಮ್ಮ ಕೂರಲಿಲ್ಲ. ಓಡಿಹೋಗಿ ಕ್ಯಾಮೆರಾದ ಮುಂದೆಯೇ ನಿಂತಳು. “ಇಳಸ್ರಿ! ಮೊದಲ ಕೆಳಗ ಇಳಸ್ರಿ!”

ಗಿಡುಗ ಇಳಿಯಿತು. ಬೆವರಿನಲ್ಲಿ ತೊಯ್ದ ಭಾಗ್ಯ ಹೆಲ್ಮೆಟ್ ಕಿತ್ತು ತಾಯಿಯನ್ನು ದುರುಗುಟ್ಟಿ ನೋಡಿದಳು.

“ಎಲ್ಲಾ ಕೆಡಿಸಿದಿ ನೋಡವ್ವಾ! ಆಕ್ಟಿಂಗ್ ಮಾಡ್ಲಿಕತ್ತಿದ್ದೆ ನಾ. ಹಿಂಗ ಮಾಡೋದಿದ್ರ ಮನಿಗಿ ಹೋಗು.”

ಸುತ್ತಲಿನವರು ನಕ್ಕರು. ಇಮಾಮ್ಬೀ ಬಂದು ಲಾಲಮ್ಮನ ರಟ್ಟೆ ಹಿಡಿದು ಕರೆದೊಯ್ದಳು.

ಮತ್ತೆ ಕ್ರೇನು, ಮತ್ತೆ ಹೊಗೆ. ಅವೇ ಅಂಗೈಗಳು ಹಾಗೆಯೇ ಬಡಿದವು. ಹಿಂದಿನದು ಸುಳ್ಳಾಗಿದ್ದರೆ ಇದೂ ಸುಳ್ಳು; ಅದು ಖರೆ ಆಗಿದ್ದರೆ? ಹೆತ್ತವಳಿಗೇ ತಿಳಿಯಲಿಲ್ಲ. ಲಾಲಮ್ಮ ಕೂತ ಕಲ್ಲನ್ನು ಎರಡೂ ಕೈಗಳಿಂದ ಅವುಚಿ ಹಿಡಿದಳು. ಏಳಲಿಲ್ಲ.

“ಕಟ್!” ನಿರ್ದೇಶಕ ಚಪ್ಪಾಳೆ ತಟ್ಟಿದ.

ಭಾಗ್ಯ ನಗುತ್ತ ನೇರ ತಾಯಿಯ ಬಳಿಗೆ ಬಂದು ಪಕ್ಕದಲ್ಲಿ ನಿಂತಳು. “ನೋಡಿದೇನವ್ವಾ? ಏನಾಗ್ಯದ ನನಗ?”

ನಿರ್ದೇಶಕ ಹಿಂದೆಯೇ ಬಂದ. “ಬಹಳ ಚೆನ್ನಾಗಿತ್ತಮ್ಮಾ. ಇನ್ನೊಂದು ಸಲ ಮಾಡೋಣ, ಹತ್ತಿರದಿಂದ. ಆಗುತ್ತಾ?”

“ಆಗ್ತದ ಸರ್,” ಎಂದಳು ಭಾಗ್ಯ. ಮುಖದ ಮೇಲಿನ ನಗು ಹಾಗೇ ಇತ್ತು.

ಬೆನ್ನ ಹಿಂದೆ ಅವಳ ಕೈ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಿತ್ತು. ಎಲ್ಲರೂ ಅವಳಿಗಾಗಿ ಕಾಯುತ್ತ ನಿಂತರೂ ಅದು ಸಡಿಲಲಿಲ್ಲ.