ಎದುರಂಗಡಿ

ಮಗನ ಕೈಯಲ್ಲಿದ್ದ ರೇಜರ್ ತಂದೆಯ ಗಲ್ಲದ ಹತ್ತಿರ ಹೋಗಿ ಮತ್ತೆ ನಡುಗಿತು. ತಾಯಿ ಅವನ ಮಣಿಕಟ್ಟು ಹಿಡಿದಳು.

"ಬಿಡು. ಗಾಯ ಮಾಡ್ತೀಯ."

ಆಸ್ಪತ್ರೆಯಲ್ಲಿದ್ದ ವಾರದಲ್ಲಿ ಗಂಡನ ಮುಖದ ತುಂಬ ಬಿಳಿಯ ಕುರುಚಲು ಗಡ್ಡ ಬೆಳೆದಿತ್ತು. ಜೀವಮಾನವಿಡೀ ಊರವರ ಗಡ್ಡ ಬೋಳಿಸಿದವನು. ತಾನು ಮಾತ್ರ ಒಂದು ದಿನವೂ ಹಾಗೆ ಬೀದಿಗೆ ಇಳಿದವನಲ್ಲ. ಇದೇ ಮುಖದಲ್ಲಿ ಮಣ್ಣಿಗೆ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಯಾರಾದರೂ ಕ್ಷೌರದವರನ್ನು ಕರೆಯಿರಿ ಎಂದಾಗ ಕೋಣೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಬೀದಿಯಲ್ಲಿ ಉಳಿದಿದ್ದವನು ಒಬ್ಬನೇ, ಎದುರಂಗಡಿಯವನು. ಅಂಗಡಿಗೆ ಬೀಗ ಹಾಕಿ ಬಂದು, ಹೊರಗೆ ಜನರ ಹಿಂದೆ ನಿಂತಿದ್ದ.

ಇಸ್ತ್ರಿ ಅಂಗಡಿಯ ಮುದುಕ ಪಕ್ಕದವನಿಗೆ ಮೆಲ್ಲಗೆ ಹೇಳಿದ, "ಹೊಟ್ಟೆಕಿಚ್ಚು ಹೊಟ್ಟೇಲೇ ಇದ್ದಿದ್ರೆ ಬದುಕ್ಕೋತಿದ್ದ. ಎದೆಗೆ ಹತ್ತಿಬಿಡ್ತು."

ಅದು ಅವಳಿಗೂ ಕೇಳಿಸಿತು. ಮಗನಿಗೆ, "ಕರಿ ಅವನನ್ನ," ಎಂದಳು.

* * *

ಎದುರಂಗಡಿಯವನು ಮೊದಲು ಇವರ ಅಂಗಡಿಯಲ್ಲೇ ಇದ್ದವನು. ಕತ್ತರಿ ಹಿಡಿಯಲೂ ಬಾರದ ಕಾಲಕ್ಕೆ ಬಂದು, ಕೆಲಸ ಕಲಿತು, ಇವರ ಮನೆಯಲ್ಲೇ ಉಂಡ. ಅವಳ ಗಂಡನನ್ನು ಅಣ್ಣ ಎನ್ನುತ್ತಿದ್ದ, ಅವಳನ್ನು ಅತ್ತಿಗೆ. ಎದುರಿನ ಮಳಿಗೆ ಖಾಲಿಯಾದಾಗ ತಿರುಗುವ ಕುರ್ಚಿ ಹಾಕಿಸಿ ಸ್ವಂತ ಅಂಗಡಿ ತೆರೆದ. ಹೇಳದೆ ಹೋದದ್ದು ಒಂದು, ಅಂಗಡಿ ಚೆನ್ನಾಗಿ ನಡೆದದ್ದು ಇನ್ನೊಂದು. ಮೊದಲನೆಯದನ್ನು ಗಂಡ ಹೇಗೋ ಕ್ಷಮಿಸಿದ್ದ.

ಆಮೇಲೆ ಗಂಡನ ಕೈ ಗಿರಾಕಿಯ ತಲೆಯ ಮೇಲೆ, ಕಣ್ಣು ಬೀದಿಯಾಚೆ. ಊಟಕ್ಕೆ ಕೂತರೂ ಅದೇ ಮಾತು: ಯಾರು ಒಳಗೆ ಹೋದರು, ಯಾರು ನಗುತ್ತ ಹೊರಬಂದರು. ಸ್ವಂತ ಮಗನೇ ಕೂದಲು ಕತ್ತರಿಸಿಕೊಂಡು ಆ ಬಾಗಿಲಿನಿಂದ ಹೊರಬಂದ ಸಂಜೆ, ಗಂಡ ಮೊದಲ ಸಲ ಎದೆ ಹಿಡಿದುಕೊಂಡು ಕುಸಿದ.

ಡಾಕ್ಟರು ಮಾತ್ರೆ ಬರೆದು, ಮನಸ್ಸಿಗೆ ಏನು ಹಚ್ಚಿಕೊಂಡಿದ್ದಾರೆ ಎಂದು ಕೇಳಿದರು. ಅವಳೇ ಹೇಳಿದಳು.

"ನೋಡಿ ಯಜಮಾನ್ರೇ," ಎಂದರು ಡಾಕ್ಟರು. "ಎದುರಿಗಿರೋದು ಹುಲಿನೋ ಅಂಗಡಿನೋ ಗುಂಡಿಗೆಗೆ ಗೊತ್ತಾಗಲ್ಲ. ಎರಡಕ್ಕೂ ಒಂದೇ ಥರ ಬಡ್ಕೊಳ್ಳುತ್ತೆ. ಹುಲಿಯಾದ್ರೆ ಒಂದ್ಸಲ ಬಂದು ಹೋಗುತ್ತೆ. ಅಂಗಡಿ ದಿನಾ ಬಾಗಿಲು ತೆಗೆಯುತ್ತೆ."

ಅವರ ಮಾತಿನಂತೆ ಬೀದಿಗೆ ಬೆನ್ನಾಗುವ ಹಾಗೆ ಕುರ್ಚಿ, ಕನ್ನಡಿಗಳನ್ನು ತಿರುಗಿಸಿದರು. ಎದುರಂಗಡಿ ಈಗ ಕನ್ನಡಿಯೊಳಗೇ ಬಂದು ಕೂತಿತು. ಗಂಡ ಸಿಗರೇಟು ಬಿಟ್ಟ, ಉಪ್ಪು ಬಿಟ್ಟ. ಅದೊಂದನ್ನು ಬಿಡಲಾಗಲಿಲ್ಲ.

ಆ ವರ್ಷವೇ ಅವಳು ಸೊಂಟ ಮುಟ್ಟುತ್ತಿದ್ದ ಕೂದಲನ್ನು ಗಂಡನ ಕತ್ತರಿಯಿಂದಲೇ ಕುತ್ತಿಗೆಯವರೆಗೆ ಕತ್ತರಿಸಿಕೊಂಡಳು. ಬಡಿಸುವಾಗ ಬೇಕೆಂದೇ ಎದುರು ನಿಂತಳು. ಗಂಡ ತಲೆಯೆತ್ತಿ, "ಅವನು ಬೋರ್ಡಿನ ದೀಪ ಬದಲಾಯಿಸಿದಾನೆ, ನೋಡಿದೆಯಾ?" ಎಂದ.

ಅಂದು ಅವಳ ಎದೆಯೂ ಬಿಗಿಯಿತು. ಅವಳನ್ನು ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ.

* * *

ಎದುರಂಗಡಿಯವನು ತಲೆ ತಗ್ಗಿಸಿ ಒಳಗೆ ಬಂದ. ಬಿಸಿನೀರು ಕೇಳಿದ. ನೊರೆ ಹಚ್ಚಿ, ಎಡಗೈಯ ಬೆರಳಿನಿಂದ ಚರ್ಮ ಎಳೆದು ಹಿಡಿದು, ಕಿವಿಯ ಪಕ್ಕದಿಂದ ಕೆಳಕ್ಕೆ ಕತ್ತಿ ಇಳಿಸಿದ. ಗಂಡನ ಕೈಯೂ ಹೀಗೇ ಓಡುತ್ತಿತ್ತು. ಅವಳಿಗೆ ಅದನ್ನು ನೋಡಲಾಗಲಿಲ್ಲ, ನೋಡದಿರಲೂ ಆಗಲಿಲ್ಲ.

"ಅಣ್ಣ ಬಾಗಿಲು ತೆಗೆಯೋವರೆಗೂ ನಾನು ತೆಗೀತಿರಲಿಲ್ಲ ಅತ್ತಿಗೆ," ಎಂದ ಕೆಲಸದ ನಡುವೆ. "ಅವರು ನೋಡ್ತಿದಾರೆ ಅಂತಲೇ ಕೈ ನೆಟ್ಟಗೆ ಇರ್ತಿತ್ತು. ಕೆಲಸ ಕಲಿತದ್ದು ಅವರ ಹತ್ರ ಇದ್ದಾಗ ಅಲ್ಲ, ಬಿಟ್ಟು ಎದುರಿಗೆ ಹೋದಮೇಲೆ."

"ನನ್ನನ್ನ ಅಷ್ಟು ನೋಡಿದ್ದಿದ್ರೆ ನಾನೂ ಏನಾದ್ರೂ ಆಗ್ತಿದ್ದೆ," ಎಂದಳು ಅವಳು.

ಅವನು ಗದ್ದದ ಕೆಳಗೆ ಕೊನೆಯ ಸಲ ಕತ್ತಿ ಎಳೆದ. ಕತ್ತಿ ಮಡಚಿ, ನುಣುಪು ನೋಡಲು ಬೆರಳುಗಳ ಹಿಂಭಾಗವನ್ನು ಸತ್ತವನ ಗಲ್ಲದ ಮೇಲೆ ಮೆಲ್ಲಗೆ ಸವರಿದ. ಮತ್ತೊಮ್ಮೆ ಸವರಿದ. ಕೈ ಅಲ್ಲೇ ನಿಂತಿತು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಸಾಕು. ಟವೆಲ್ ಕೊಡು."

ಅವನು ಕೊಟ್ಟ. ಅವಳು ಇಬ್ಬರ ನಡುವೆ ಬಂದು, ಅವನಿಗೆ ಬೆನ್ನು ಮಾಡಿ, ಗಂಡನ ಮುಖಕ್ಕೆ ಮುಖ ಕೊಟ್ಟು ಕೂತಳು. ನೊರೆಯೆಲ್ಲ ಹೋದಮೇಲೂ ಆ ಗಲ್ಲವನ್ನು ಒರೆಸುತ್ತಲೇ ಇದ್ದಳು. ಹೊರಗೆ ಗಾಡಿ ಬಂದ ಸದ್ದಾಯಿತು. ಮಗ ಬಗ್ಗಿ, ಅಮ್ಮಾ, ಎಲ್ಲರೂ ಕಾಯ್ತಿದಾರೆ ಎಂದ.

"ಕಾಯಲಿ," ಎಂದು ಅವಳು ಇನ್ನಷ್ಟು ಹತ್ತಿರ ಸರಿದಳು.